ವರ್ಷಕ್ಕೊಮ್ಮೆ ಹೆಬ್ಬೆಟ್ಟು

ರೇವಮ್ಮನಿಗೆ ಬೇಕಾಗಿದ್ದದ್ದು ಒಂದು ಸ್ಟೂಲು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ, ಕಂಟ್ರಾಕ್ಟರನ ಕೈಕೆಳಗೆ, ಅವಳು ಕಸ ಗುಡಿಸುತ್ತಿದ್ದಳು. ಗುಡಿಸುವವರು ದಿನವಿಡೀ ಬಗ್ಗಿರುತ್ತಾರೆ. ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ ಪ್ಯಾಕಿಂಗಿನ ಹೆಂಗಸರು ಸ್ಟೂಲಿನ ಮೇಲೆ ಕೂತಿರುತ್ತಾರೆ. ಕೂತವರು ಪರ್ಮನೆಂಟು, ಬಗ್ಗಿದವರು ಟೆಂಪರರಿ. ನಲವತ್ತಾರು ದಾಟಿದ ರೇವಮ್ಮನ ಸೊಂಟ ಮಾತ್ರ ಪರ್ಮನೆಂಟಾಗಿ ಬಗ್ಗಿತ್ತು. ಬಗ್ಗಿದ ಕಡೆಯಿಂದ ಕೂರುವ ಕಡೆಗೆ ಹೋಗಬೇಕಾದರೆ ಡಬ್ಬದ ಮೇಲೆ ತಾರೀಕು, ಬ್ಯಾಚ್ ನಂಬರು ಬರೆದು ಪಕ್ಕದಲ್ಲಿ ಸಹಿ ಹಾಕಲು ಬರಬೇಕು. ರೇವಮ್ಮನಿಗೆ ಬರುತ್ತಿತ್ತು.

ಹೇಗೆ ಬಂತು ಅಂದರೆ, ವಿಶ್ವವಿದ್ಯಾಲಯದಿಂದ ಬಂತು. ನಗಬೇಡಿ.

2005ರಲ್ಲಿ ಒಂದು ವಿಶ್ವವಿದ್ಯಾಲಯ ತನ್ನ ಡಿಗ್ರಿ ಓದುವ ಮಕ್ಕಳಿಗೆ ‘ಜಾಗತಿಕ ಪ್ರಜೆ ಪ್ರಶಸ್ತಿ’ ಎಂದೊಂದು ಶುರು ಮಾಡಿತು. ಪರದೇಶದ ಬಗ್ಗೆ ಒಂದು ಪ್ರಬಂಧ ಬರೆದರೆ ಕಂಚು. ಪರಭಾಷೆಯಲ್ಲಿ ನಮಸ್ಕಾರ, ಕ್ಷಮಿಸಿ, ಶೌಚಾಲಯ ಎಲ್ಲಿದೆ ಎಂದು ಕೇಳುವಷ್ಟು ಕಲಿತರೆ ಬೆಳ್ಳಿ. ಚಿನ್ನಕ್ಕೆ ಮಾತ್ರ ಲೋಕದ ಕಷ್ಟಕ್ಕೆ ಕೈ ಹಾಕಬೇಕು: ಒಬ್ಬ ಅನಕ್ಷರಸ್ಥರನ್ನು ಹಿಡಿದು ನಲವತ್ತು ಗಂಟೆ ಪಾಠ ಹೇಳಿ ಸಹಿ ಕಲಿಸಬೇಕು. ಜುಲೈ ತಿಂಗಳಲ್ಲಿ ‘ಮೊದಲು’ ಎಂಬ ಪುಟಕ್ಕೆ ಹೆಬ್ಬೆಟ್ಟು, ಫೆಬ್ರವರಿಯಲ್ಲಿ ‘ನಂತರ’ ಎಂಬ ಪುಟಕ್ಕೆ ಸಹಿ, ಎರಡಕ್ಕೂ ಫೋಟೊ. ಚಿನ್ನ ಸಿಕ್ಕವರಿಗೆ ಮೂರು ವಾರ ಇಂಗ್ಲೆಂಡ್ ಪ್ರವಾಸ. ಕಲಿತವರನ್ನು ಫಲಾನುಭವಿ ಎಂದು ಬರೆಯತಕ್ಕದ್ದು ಎಂದು ನಿಯಮವಿತ್ತು. ಬಹಳ ಸರಿಯಾದ ಪದ. ಫಲ ಅವರಿಗೆ, ಅನುಭವ ಇವರಿಗೆ. ನಮಗೆ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಹೇಳುತ್ತಿದ್ದ ಸಿಸ್ಟರು, ದೇವರು ಬಡವರನ್ನು ಇಟ್ಟಿರುವುದೇ ನಮ್ಮ ಒಳ್ಳೆಯತನ ಪರೀಕ್ಷಿಸಲು ಎನ್ನುತ್ತಿದ್ದರು. ಬಡವರ ಅಂಕಪಟ್ಟಿಯ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ಮೊದಲ ವರ್ಷ ಬಂದವಳು ಚನ್ನಪಟ್ಟಣದ ಭಾನುಪ್ರಿಯ, ಬಿ.ಎ. ಎರಡನೇ ವರ್ಷ. ಅವಳು ಹಿಡಿಯಲು ಬಂದದ್ದು ರೇವಮ್ಮನ ಗಂಡ ನಂಜಪ್ಪನನ್ನು. ಜಗಲಿಯ ಮೇಲೆ ಕೂತಿದ್ದ ನಂಜಪ್ಪ ಕೇಳಿದ: “ಜಾಗತಿಕ ಅಂದ್ರೇನವ್ವ?”

“ಇಡೀ ಜಗತ್ತೇ ನಮ್ಮದು ಅಂತ, ಯಜಮಾನ್ರೇ.”

“ಅಂಗೋ. ನಾನು ಜಾಗ ಓದೋರ್ಗೆ ಅಂತಾರೆ ಅಂದ್ಕಂಡಿದ್ದೆ. ನಂದೂ ಎರಡೆಕರೆ ಓಯ್ತಲ್ಲ, ಫ್ಯಾಕ್ಟ್ರಿಗೆ.”

ನಮ್ಮ ಸೀಮೆಯಲ್ಲಿ ಹಕಾರ ಉದುರಿ ಎಷ್ಟೋ ಕಾಲವಾಯಿತು. ಹೋಗುವುದಕ್ಕೂ ಓದುವುದಕ್ಕೂ ಒಂದೇ ಮಾತು. ಓದಿದವರೆಲ್ಲ ಓದವರೇ. ಭಾನುಪ್ರಿಯ ನಕ್ಕು ಮಸಿಯ ಪ್ಯಾಡು ಮುಂದೆ ಹಿಡಿದಳು. ನಂಜಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ. “ಭೂಮಿಗೆ ಒಂದ್ಸಲ ಒತ್ಬುಟ್ಟೆ ಕಣವ್ವ. ಇನ್ನು ಈ ಬೆಟ್ಟು ಯಾವ ಕಾಗ್ದುಕ್ಕೂ ಇಲ್ಲ. ಬೇಕಾದ್ರೆ ಇವಳ್ದು ಒತ್ತುಸ್ಕೊ, ಇವಳ ಎಸ್ರಲ್ಲಿ ಏನೂ ಇಲ್ಲ, ಓಗೋದೂ ಇಲ್ಲ.”

ರೇವಮ್ಮ ಒತ್ತಿದಳು.

ಭಾನುಪ್ರಿಯ ನಿಜವಾಗಿ ಕಲಿಸಿದಳು. ಇದು ಎಲ್ಲರಿಗೂ ಆಶ್ಚರ್ಯದ ಸಂಗತಿ, ಅವಳ ಮೇಷ್ಟ್ರಿಗೂ. ಕಾರ್ಖಾನೆಯಲ್ಲಿ ತಿರಸ್ಕರಿಸಿದ ಮುಚ್ಚಳಗಳನ್ನು ರೇವಮ್ಮ ಸೆರಗಿನಲ್ಲಿ ತರುತ್ತಿದ್ದಳು. ಭಾನುಪ್ರಿಯ ಅವನ್ನು ನೆಲದ ಮೇಲೆ ಅಕ್ಷರದ ಹಾಗೆ ಜೋಡಿಸುತ್ತಿದ್ದಳು. ವ ಬರೆದು ಪಕ್ಕಕ್ಕೆ ನಾಲ್ಕು ಮುಚ್ಚಳದ ಬಾಲ ಎಳೆದರೆ ಮ. ರೇವಮ್ಮ ಎರಡು ವಾರ ರೇಮವ್ವ ಆಗಿದ್ದು ಆಮೇಲೆ ರೇವಮ್ಮ ಆದಳು. ನಲವತ್ತು ಗಂಟೆ ಮುಗಿದ ಮೇಲೂ ಹುಡುಗಿ ಭಾನುವಾರ ಭಾನುವಾರ ಬಂದಳು. ಬೇಸಿಗೆಯ ಹೊತ್ತಿಗೆ ರೇವಮ್ಮ ಬಸ್ಸಿನ ಬೋರ್ಡು, ಔಷಧಿ ಅಂಗಡಿಯ ಚೀಟಿ, ಬಜ್ಜಿ ಕಟ್ಟಿ ಕೊಟ್ಟ ಪೇಪರಿನ ಅರ್ಧ ಸುದ್ದಿ ಓದುತ್ತಿದ್ದಳು. ಉಳಿದರ್ಧ ಎಣ್ಣೆ ಕುಡಿದಿರುತ್ತಿತ್ತು. ಭಾನುಪ್ರಿಯ ಚಿನ್ನ ಗೆದ್ದು, ಇಂಗ್ಲೆಂಡ್ ನೋಡಿ, ಬಂದು, ಯಾವುದೋ ಊರಿಗೆ ಕೆಲಸಕ್ಕೆ ಹೋದಳು. ಮತ್ತೆ ಈ ಕಡೆ ಬರಲಿಲ್ಲ.

ತೊಂದರೆ ಶುರುವಾದದ್ದು ಮರುವರ್ಷ. ಪ್ರಶಸ್ತಿಗೆ ಅರ್ಜಿ ಹಾಕಿದ ಮಕ್ಕಳು ಜಾಸ್ತಿ, ಅನಕ್ಷರಸ್ಥರು ಕಡಿಮೆ. ಇದ್ದವರೆಲ್ಲ ಎರಡೆರಡು ಪಾಳಿ ದುಡಿಯುತ್ತಿದ್ದರಿಂದ ಅವರ ಅಜ್ಞಾನಕ್ಕೆ ಪುರುಸೊತ್ತಿರಲಿಲ್ಲ. ಮೂರು ಗಂಟೆಗೆ ಮನೆ ಸೇರುವವಳು, ಬಸ್ ಸ್ಟಾಪಿಗೆ ಹತ್ತಿರದವಳು, ಬಂದವರಿಗೆ ಕಾಫಿ ಕೊಡುವವಳು ರೇವಮ್ಮ ಒಬ್ಬಳೇ. ಕಾಲೇಜಿನಲ್ಲಿ ಈ ಪ್ರಶಸ್ತಿಯ ಜವಾಬ್ದಾರಿ ಹೊತ್ತ ನಟರಾಜು ಮೇಷ್ಟ್ರು ಅಳುತ್ತಿದ್ದ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು.

“ಇನ್ನೊಂದು ಸಲ ಹೆಬ್ಬೆಟ್ಟು ಒತ್ತಿಬಿಡಿ ರೇವಮ್ಮ.”

“ನಂಗೆ ಸೈನ್ ಬತ್ತದಲ್ಲ ಮೇಷ್ಟ್ರೇ.”

“ಸಹಿ ಎಲ್ಲಿಗೂ ಓಡಿಹೋಗಲ್ಲ. ಮಸಿ ಸೋಪಿಗೆ ಹೋಗುತ್ತೆ. ಒಂದು ಹೆಣ್ಣುಮಗಳ ಭವಿಷ್ಯ ಅಲ್ವಾ.”

ಹುಡುಗಿ ಮೂಗೊರೆಸಿಕೊಂಡು “ಅವ್ವ” ಅಂದಿತು. ಸ್ವಂತ ಮಕ್ಕಳಿಲ್ಲದ ರೇವಮ್ಮ ಬೆಟ್ಟು ಮುಂದೆ ಮಾಡಿದಳು.

ಅಕ್ಷರ ಎಂದರೆ ನಾಶವಿಲ್ಲದ್ದು ಎಂದು ಪಂಡಿತರು ಹೇಳುತ್ತಾರೆ. ರೇವಮ್ಮನ ಅಕ್ಷರ ಪ್ರತಿ ಜುಲೈ ನಾಶವಾಗಿ ಪ್ರತಿ ಫೆಬ್ರವರಿ ಹುಟ್ಟುತ್ತಿತ್ತು. ಮೂರನೇ ವರ್ಷ ‘ನಂತರ’ದ ಸಹಿ ತೀರಾ ದುಂಡಗಿದೆ ಎಂದು ತೀರ್ಪುಗಾರರೊಬ್ಬರು ಹುಬ್ಬೇರಿಸಿದರು. ಮೇಷ್ಟ್ರು ಬಂದು, “ಒಂಚೂರು ನಡುಗಿಸಿ ಬರೀರಮ್ಮ” ಎಂದು ಹೇಳಿಹೋದರು. ಸಹಿ ಕಲಿತವಳು ಈಗ ಸಹಿಸುವುದನ್ನೂ ಕಲಿತಳು. ಆ ವರ್ಷ ನಮ್ಮನ್ನು ಬೆಂಗಳೂರು ಗ್ರಾಮಾಂತರದಿಂದ ಕಿತ್ತು ರಾಮನಗರ ಜಿಲ್ಲೆ ಮಾಡಿದ್ದರು. ಕಡತದಲ್ಲಿ ಬದಲಾದದ್ದು ಅದೊಂದೇ, ಜಿಲ್ಲೆಯ ಹೆಸರು.

ನಂಜಪ್ಪನಿಗೆ ಇದೊಂದು ತಮಾಷೆ. “ಏನಮ್ಮಿ, ಈ ವರ್ಸ ಪಾಸೋ ಫೇಲೋ? ಒಂದನೇ ಕ್ಲಾಸಲ್ಲೇ ಮೂರ್ಸಲ ಡುಮ್ಕಿ ಒಡ್ದೋಳು ನೀನೇ ಕಣೆ.”

“ಸುಮ್ಕಿರಿ, ಮಕ್ಕಳು ಇಂಗ್ಲೆಂಡ್ ನೋಡ್ಲಿ.”

“ನೀನು ಕನಕಪುರ ನೋಡಿ ಎಷ್ಟು ವರ್ಸ ಆಯ್ತು?”

2008ರ ಜುಲೈನಲ್ಲಿ ಬಂದವನು ಮಾಗಡಿ ಕಡೆಯ ಶಿವಕಿರಣ್. ಒಳ್ಳೆಯ ಹುಡುಗ, ಕಾಲಿಗೆ ಬೀಳುವವನು. ಫಾರಂ ತುಂಬುವಾಗ ಅವನಿಗೆ ಯಾವ ಕಡೆ ಒತ್ತಿಸಬೇಕೆಂದು ತಿಳಿಯಲಿಲ್ಲ. ರೇವಮ್ಮ ಕಾಗದ ತಿರುಗಿಸಿಕೊಂಡು ಓದಿ ತೋರಿಸಿದಳು: “ಇಲ್ನೋಡು ಮಗ, ‘ಅನಕ್ಷರಸ್ಥರ ಹೆಬ್ಬೆರಳ ಗುರುತು’ ಅಂತ ಐತಲ್ಲ, ಇಲ್ಲಿ ಒತ್ತುಸ್ಕೊ.” ಒತ್ತಿಸಿಕೊಂಡ. ಆ ವರ್ಷ ಚಿನ್ನದ ಪದಕದ ದಾನಿ ಬೇರಾರೂ ಅಲ್ಲ, ಬಾಟಲಿ ಮುಚ್ಚಳದ ಕಾರ್ಖಾನೆಯೇ. ‘ಮೊದಲು’ ಪುಟಗಳ ಪ್ರತಿ, ಫೋಟೊ ಸಮೇತ, ಕಾರ್ಖಾನೆಯ ಆಫೀಸಿಗೆ ಹೋಗಿ ಕೂತಿತು.

ಆಗಸ್ಟಿನಲ್ಲಿ ಪ್ಯಾಕಿಂಗಿಗೆ ಮೂವರು ಹೆಂಗಸರು ಬೇಕೆಂದು ನೋಟಿಸು ಬಂತು. ಸೂಪರ್‌ವೈಸರ್ ಸಮದ್, ರೇವಮ್ಮ ಗೋಡೆಯ ನೋಟಿಸು ಓದುವುದನ್ನು ಕಂಡಿದ್ದವನು, ಅವಳನ್ನು ಕರೆದು ಹೇಳಿದ: “ಅರ್ಜಿ ಹಾಕಿ ರೇವಮ್ಮ. ಈ ಸಲ ಬಿಟ್ಟರೆ ವಯಸ್ಸು ಮುಗೀತದೆ. ಮುಂದಿನ ವರ್ಷಕ್ಕೆ ತಗೋಳಲ್ಲ.”

ರೇವಮ್ಮ ಅರ್ಜಿಯನ್ನು ತಾನೇ ತುಂಬಿದಳು. ಕೆಳಗೆ, ಮೊದಲ ಬಾರಿ ತನಗಾಗಿ, ನಡುಗಿಸದೆ ಸಹಿ ಹಾಕಿದಳು. ಅವತ್ತು ಸಂಜೆ ಮನೆಯಲ್ಲಿ ಗಂಡನಿಗೆ ಪಾಯಸ ಮಾಡಿ ಬಡಿಸಿದಳು. ಸಹಿಗೆ ಒಂದು ಗುಡಿಸು ಕೊಟ್ಟರೆ ಸಿಹಿ ತಾನೇ.

ನಾಲ್ಕನೇ ದಿನ ಆಫೀಸಿನಿಂದ ಕರೆ ಬಂತು. ಒಳಗೆ ಎಚ್.ಆರ್. ಸಾಹೇಬರು, ಮೇಜಿನ ಮೇಲೆ ಎರಡು ಕಾಗದ: ಒಂದು ಅವಳ ಅರ್ಜಿ, ಇನ್ನೊಂದು ಅವಳ ಹೆಬ್ಬೆಟ್ಟು. ಪಕ್ಕದ ಕುರ್ಚಿಗಳಲ್ಲಿ, ಕಾಲೇಜಿನಿಂದ ಕರೆಸಿದ್ದ ನಟರಾಜು ಮೇಷ್ಟ್ರು ಮತ್ತು ಶಿವಕಿರಣ್. ರೇವಮ್ಮ ನಿಂತಳು.

“ಹೋದ ತಿಂಗಳು ನಿಮಗೆ ಸಹಿ ಬರ್ತಿರಲಿಲ್ಲ. ಈ ತಿಂಗಳು ಅರ್ಜೀನೇ ಬರೆದಿದೀರಿ. ಯಾರು ಬರೆದುಕೊಟ್ಟಿದ್ದು?”

“ನಾನೇ ಸಾ.”

ಸಾಹೇಬರು ಬಿಳಿ ಕಾಗದ ಮುಂದೆ ತಳ್ಳಿದರು. ರೇವಮ್ಮ ಬರೆದಳು. ಅವರು ಎರಡನ್ನೂ ಹೋಲಿಸಿ ನೋಡಿ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರಿಗೆ ಒಂದೇ ಕ್ಷಣ ಸಾಕಾಯಿತು. “ನಮ್ಮ ಶಿವಕಿರಣ್ ಟ್ರೈನಿಂಗ್ ಸಾರ್. ಒಂದೇ ತಿಂಗಳಲ್ಲಿ ರಿಸಲ್ಟ್. ಫೆಬ್ರವರಿ ಟಾರ್ಗೆಟ್ಟು ಆಗಸ್ಟಲ್ಲೇ ಮುಗಿಸಿದಾನೆ.”

ಶಿವಕಿರಣ್ ತಲೆಯಾಡಿಸಿದ. ಸಾಹೇಬರಿಗೂ ಸಂತೋಷವಾಯಿತು. ದಾನ ಮಾಡಿದ ಪದಕಕ್ಕೆ ಬೇಗ ಬೆಲೆ ಬಂದಿತ್ತು. ಅವನ ಬೆನ್ನು ತಟ್ಟಿ, ರೇವಮ್ಮನಿಗೆ ಹೇಳಿದರು: “ಗುಡ್. ಆದರೆ ಒಂದು ತಿಂಗಳ ಅಕ್ಷರ ನಂಬಿ ಬ್ಯಾಚ್ ನಂಬರ್ ಬರೆಸೋಕಾಗಲ್ಲಮ್ಮ. ಒಂದು ಸೊನ್ನೆ ಹೆಚ್ಚುಕಮ್ಮಿಯಾದರೆ ಇಡೀ ಲಾರಿ ವಾಪಸ್ ಬರುತ್ತೆ. ಚೆನ್ನಾಗಿ ಕಲೀರಿ. ಮುಂದೆ ನೋಡೋಣ.”

ಮುಂದೆ ಎಂಬುದು ಇಲ್ಲವೆಂದು ಸಮದ್ ಹೇಳಿದ್ದ. ರೇವಮ್ಮ ಹೊರಡಲಿಲ್ಲ.

“ಒಂದ್ ತಿಂಗಳಲ್ಲ ಸಾ. ಮೂರು ವರ್ಸ ಆಯ್ತು ನಂಗೆ ಓದು ಬಂದು. ಭಾನುಪ್ರಿಯ ಅಂತ ಮಗಿ ಬಂದಿತ್ತು, ಅದು ಕಲಿಸ್ದದ್ದು. ಇವರೆಲ್ಲ ಆಮ್ಯಾಕೆ ಬಂದೋರು.”

“ರೇವಮ್ಮ” ಎಂದರು ಮೇಷ್ಟ್ರು, ಮೆಲ್ಲಗೆ.

“ನಂಬ್ಕೆ ಇಲ್ದಿದ್ರೆ ಏನಾರ ಕೊಡಿ ಸಾ, ಓದ್ತೀನಿ.”

ಸಾಹೇಬರ ಕೈಗೆ ಸಿಕ್ಕಿದ್ದು ಎದುರಿಗೇ ಇದ್ದ ಕಾಗದ. ಕೊಟ್ಟರು. ರೇವಮ್ಮ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದು ಒತ್ತಕ್ಷರವನ್ನೂ ಎಡವದೆ, ಶಾಲೆಯ ಮಗುವಿನಂತೆ ಗಟ್ಟಿಯಾಗಿ ಓದಿದಳು:

“ಮೇಲ್ಕಂಡ ಫಲಾನುಭವಿಯಾದ ನಾನು ಓದಲು ಬರೆಯಲು ಬಾರದ ಸಂಪೂರ್ಣ ಅನಕ್ಷರಸ್ಥಳೆಂದು, ಇದನ್ನು ಓದಿಸಿ ಕೇಳಿ ಸರಿಯೆಂದು ಒಪ್ಪಿ ಹಾಕಿದ ಹೆಬ್ಬೆರಳ ಗುರುತು.”

ಓದಿ ಮುಗಿಸಿ ಅವಳು ತಲೆಯೆತ್ತಿದಾಗ ಮುಖದಲ್ಲಿ ನಗು ಇತ್ತು. ತಪ್ಪಿಲ್ಲದೆ ಓದಿದ್ದಳಲ್ಲ. ಬೇರೆ ಯಾರೂ ನಗಲಿಲ್ಲ.

“ಚೆನ್ನಾಗಿ ಓದ್ತೀರಿ” ಎಂದರು ಸಾಹೇಬರು. “ಹೋದ ತಿಂಗಳೂ ಹೀಗೇ ಓದ್ತಿದ್ರಾ?”

“ಊಂ ಸಾ.”

“ಓದಿ, ಅರ್ಥ ಮಾಡಿಕೊಂಡು, ಇದರ ಕೆಳಗೆ ಹೆಬ್ಬೆಟ್ಟು ಒತ್ತಿದ್ರಿ.”

ರೇವಮ್ಮನಿಗೆ ಈಗ ತಿಳಿಯಿತು.

“ಓದು ಬರದೇ ಇದ್ದಿದ್ದರೆ, ಪಾಪ ಗೊತ್ತಿಲ್ಲದೆ ಒತ್ತಿದಾರೆ ಅಂತ ಬಿಡಬಹುದಾಗಿತ್ತು. ಇದು ಫಾಲ್ಸ್ ಡಿಕ್ಲರೇಷನ್ ಅಮ್ಮ. ಕಂಪನಿ ಹೆಸರಲ್ಲಿ ಪದಕ ಕೊಡ್ತಿದೀವಿ. ಸುಳ್ಳು ಬರೆದುಕೊಟ್ಟವರನ್ನ ಪ್ಯಾಕಿಂಗಿಗೆ ಹೇಗೆ ತಗೋಳೋದು? ಗುಡಿಸೋಕೆ ಇಟ್ಟುಕೊಳ್ಳೋದೂ ಕಷ್ಟ.”

“ಮೇಷ್ಟ್ರೇ, ನೀವಾದ್ರೂ ಹೇಳಿ” ಎಂದಳು ರೇವಮ್ಮ.

ನಟರಾಜು ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಶುಭ್ರವಾಗಿಯೇ ಇತ್ತು. “ನಮಗೂ ಇವತ್ತೇ ಗೊತ್ತಾಗಿದ್ದು ಸಾರ್. ಮಕ್ಕಳು ಮುಗ್ಧರು. ಹಳ್ಳಿ ಜನ ಸುಳ್ಳು ಹೇಳಲ್ಲ ಅಂತ ನಂಬಿದ್ವಿ.” ಶಿವಕಿರಣ್ ತನ್ನ ಬೂಟಿನ ದಾರ ನೋಡುತ್ತಿದ್ದ. ಅದು ಕಟ್ಟಿಯೇ ಇತ್ತು.

ಮಧ್ಯಾಹ್ನವೇ ಕಂಟ್ರಾಕ್ಟರ್ ಅವಳ ಗೇಟ್ ಪಾಸು ಇಸಿದುಕೊಂಡ. ಸಮದ್ ಅವಳ ಚೀಲ ಹಿಡಿದುಕೊಂಡು ಗೇಟಿನ ತನಕ ಬಂದ. ಮನೆಯಲ್ಲಿ ನಂಜಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಮೊದಲ ಸಲ, ತಮಾಷೆ ಮಾಡಲಿಲ್ಲ. “ಓದು ಬಂದದ್ದೇ ತೆಪ್ಪಾಯ್ತಲ್ಲಮ್ಮಿ” ಎಂದಷ್ಟೇ ಹೇಳಿದ. ತಮಾಷೆಯೇ ವಾಸಿ ಅನಿಸಿತು ಅವಳಿಗೆ.

ವಾರದ ನಂತರ ಶಿವಕಿರಣ್ ಒಂದು ಫಾರಂ ಹಿಡಿದುಕೊಂಡು ಬಂದ. ಮತ್ತೆ ಕಾಲಿಗೆ ಬಿದ್ದ. ಫಲಾನುಭವಿಯು ಸ್ವಂತ ಇಚ್ಛೆಯಿಂದ ಹಿಂದೆ ಸರಿದಿದ್ದಾರೆ ಎಂದು ಬರೆದುಕೊಟ್ಟರೆ ಅವನು ಬೇರೊಬ್ಬರನ್ನು ಹಿಡಿಯಬಹುದು, ಗಂಟೆಗಳ ಲೆಕ್ಕ ಉಳಿಯುತ್ತದೆ. ರೇವಮ್ಮ ಮೇಲಿನಿಂದ ಕೆಳಗಿನವರೆಗೆ ಓದಿ, ಪೆನ್ನು ಇಸಿದುಕೊಂಡು ಸಹಿ ಹಾಕಿದಳು.

“ಅವ್ವ, ಸಹಿ ನಡೆಯಲ್ಲ. ಹಳೇ ಪುಟಕ್ಕೆ ಹೊಂದಬೇಕು. ಹೆಬ್ಬೆಟ್ಟು ಆಗಬೇಕು.”

“ನೀವು ಕೇಳ್ದಾಗೆಲ್ಲ ಎಬ್ಬೆಟ್ಟು ಕೊಟ್ಟೆ ಕಣಪ್ಪ. ಇವತ್ತು ನಾನು ಕೊಟ್ಟಿದ್ದ ಇಸ್ಕೊಂಡೋಗು.”

ಅವನು ಕಾಗದ ಮಡಿಸಿಕೊಂಡು ಬಸ್ಸಿಗೆ ಹೋದ. ಅದನ್ನು ಎಲ್ಲಿ ಹರಿದು ಹಾಕಿದನೋ ಗೊತ್ತಿಲ್ಲ. ಬೇಕಾಗಿಯೂ ಇರಲಿಲ್ಲ. ಫಲಾನುಭವಿ ಸಹಕರಿಸದಿದ್ದಲ್ಲಿ ಮಾರ್ಗದರ್ಶಕರೇ ದೃಢೀಕರಿಸಬಹುದು ಎಂದು ನಿಯಮದಲ್ಲೇ ಇತ್ತು. ನಟರಾಜು ಮೇಷ್ಟ್ರು ದೃಢೀಕರಿಸಿದರು, ಬೇರೊಂದು ಹೆಬ್ಬೆಟ್ಟೂ ಸಿಕ್ಕಿತು. ‘ಸಮುದಾಯದಿಂದ ಎದುರಾದ ಸವಾಲುಗಳು’ ಎಂಬ ಅಂಕಣದಲ್ಲಿ ಶಿವಕಿರಣ್ ಎರಡು ಪುಟ ಬರೆದ. ನಂಬಿದವರೇ ವಂಚಿಸಿದಾಗ ಜಾಗತಿಕ ಪ್ರಜೆ ಎದೆಗುಂದಬಾರದು ಎಂಬ ಮಾತು ತೀರ್ಪುಗಾರರಿಗೆ ಬಹಳ ಹಿಡಿಸಿತು. ಫೆಬ್ರವರಿಯಲ್ಲಿ ಚಿನ್ನ, ಮೇನಲ್ಲಿ ಇಂಗ್ಲೆಂಡು.

ರೇವಮ್ಮ ಈಗ ಬೈರಮಂಗಲದ ಕಡೆ ಬೇಬಿಕಾರ್ನ್ ಹೊಲಗಳಿಗೆ ಕಳೆ ಕೀಳಲು ಹೋಗುತ್ತಾಳೆ. ಕೆರೆಯ ನೀರು ನೊರೆ ಕಟ್ಟಿ ಕಾಲುವೆಯಲ್ಲಿ ಬರುತ್ತದೆ, ಕಾಲು ತುರಿಸುತ್ತದೆ, ಪೈರು ಮಾತ್ರ ಚೆನ್ನಾಗಿ ಬರುತ್ತದೆ. ಅಲ್ಲಿ ಹಾಜರಿ ಪುಸ್ತಕವಿಲ್ಲ. ಬೆಳಿಗ್ಗೆ ಹೆಂಗಸರು ಟೆಂಪೋ ಹತ್ತಿದ ಮೇಲೆ ಮೇಸ್ತ್ರಿ ಹಿಂದಿನಿಂದ ಬೆರಳು ತೋರಿಸುತ್ತ ತಲೆ ಎಣಿಸುತ್ತಾನೆ. ರೇವಮ್ಮ ಒಂದೊಂದು ದಿನ ಏಳನೆಯವಳು, ಒಂದೊಂದು ದಿನ ಹನ್ನೊಂದನೆಯವಳು.