ತಾತನ ಹೆಸರಿನ ಯಂತ್ರ

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನನಗೆ ಯಲಹಂಕದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕಂಪ್ಯೂಟರ್ ಕೋಣೆ ಒರೆಸುವುದು, ಗಂಟೆಗೊಮ್ಮೆ ಒಳಗೆ ಹೋಗಿ ಎ.ಸಿ. ನಡೆಯುತ್ತಿದೆಯೇ ಎಂದು ನೋಡುವುದು. ಒಂದು ವರ್ಷ ತಪ್ಪಿಲ್ಲದೆ ಮಾಡಿದರೆ ಕಾಯಂ ಮಾಡುತ್ತೇವೆ ಎಂದಿದ್ದರು. ನಿಮ್ಮ ಚಿಕ್ಕಮ್ಮ ಇನ್ನೂ ಕಾಲೇಜಿನಲ್ಲಿದ್ದಳು. ಆ ಕೆಲಸ ನನಗೆ ಬೇಕೇಬೇಕಿತ್ತು.

ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ನಾಲ್ಕು ಕರಿ ಯಂತ್ರಗಳು. ಮೇನ್‌ಫ್ರೇಮ್ ಎನ್ನುತ್ತಾರೆ. ಹಿಂದಿನ ಸಾಹೇಬರೊಬ್ಬರು ದೈವಭಕ್ತರಂತೆ, ಅವಕ್ಕೆ ದೇವರ ಹೆಸರಿಟ್ಟು ಹೋಗಿದ್ದರು. ಅದರಲ್ಲೊಂದು ನಿಮ್ಮ ತಾತನ ಹೆಸರು. ಮೂವತ್ತೆರಡು ವರ್ಷ ಸಂಸಾರ ಮಾಡಿಯೂ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರು. ನಮ್ಮೂರಲ್ಲಿ ಗಂಡನ ಹೆಸರು ಹೇಳುವ ಹೆಂಗಸರಿರಲಿಲ್ಲ. ಇಲ್ಲೂ ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಇಂಜಿನಿಯರ್ ಹುಡುಗರು ಮಾತ್ರ ಆ ಹೆಸರು ಹಿಡಿದು, ಇವತ್ತು ಅವನು ಸ್ಲೋ, ಅವನಿಗೊಂದು ತಟ್ಟು ಎಂದು ದಿನವಿಡೀ ಕೂಗುತ್ತಿದ್ದರು. ನಾನು ಉಳಿದ ಮೂರನ್ನು ಹೆಸರಿನಿಂದ ಕರೆದು, ಅದನ್ನು ‘ಅವರು’ ಎನ್ನುತ್ತಿದ್ದೆ. ಬಾಗಿಲು ಕಾಯುವವರು, “ಮಿಷಿನ್‌ಗೂ ಮರ್ಯಾದೆನಾ ಅಮ್ಮಾ? ನಮಗೂ ಒಸಿ ಕೊಡಿ” ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಎ.ಸಿ.ಯ ನೀರು ‘ಅವರ’ ಮೇಲೆ ತೊಟ್ಟಿಕ್ಕತೊಡಗಿತು. ಇಂಜಿನಿಯರುಗಳೆಲ್ಲ ಹೆಬ್ಬಾಳಕ್ಕೆ ಮೀಟಿಂಗಿಗೆ ಹೋಗಿದ್ದರು. ಅವರಲ್ಲೊಬ್ಬರಿಗೆ ಫೋನ್ ಮಾಡಿದೆ.

“ಯಾವುದಮ್ಮ ಅದು? ಹೆಸರು ಹೇಳಿ, ಇಲ್ಲಿಂದ್ಲೇ ನಿಲ್ಲಿಸ್ತೀನಿ.”

“ಅವರು, ಸಾರ್.”

“ಅವರು ಅಂದ್ರೆ ಯಾರ್ರೀ?”

ಹೆಸರು ಹೇಳುವ ಬದಲು, ಬಾಗಿಲಿನಿಂದ ಮೊದಲನೆಯದು ಎಂದುಬಿಟ್ಟೆ.

ಆ ಕೋಣೆಗೆ ಎರಡು ಬಾಗಿಲು. ನಾನು ಬರುತ್ತಿದ್ದದ್ದು ಹಿಂದಿನದರಿಂದ, ಇಂಜಿನಿಯರುಗಳು ಮುಂದಿನದರಿಂದ. ಫೋನಿನಲ್ಲಿದ್ದವರು ನಿಲ್ಲಿಸಿದ್ದು ಮುಂಬಾಗಿಲ ತುದಿಯ ಯಂತ್ರವನ್ನು. ಸರಿಯಿದ್ದದ್ದು ನಿಂತುಹೋಗಿ ಎಷ್ಟೋ ಬಿಲ್ ಕಟ್ಟುವ ಕೌಂಟರುಗಳ ಮುಂದೆ ಜನ ಸಾಲುಗಟ್ಟಿದರು. ನೆನೆದದ್ದು ನಡೆಯುತ್ತಲೇ ಕೆಟ್ಟಿತು.

ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಕಮಿಟಿ ಕೂತಿತು. ಮೂರು ದಿನ ಮಾತಾಡಿ, ತಪ್ಪೆಲ್ಲ ಹೆಸರುಗಳದ್ದು ಎಂದು ಬರೆಯಿತು. ದೇವರ ಹೆಸರಿನಿಂದ ಯಂತ್ರ ಎಲ್ಲಿದೆ, ಏನು ಮಾಡುತ್ತದೆ, ಒಂದೂ ತಿಳಿಯುವುದಿಲ್ಲವಂತೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸ ನಿಯಮ ಬಂತು: ಮೊದಲೆರಡು ಅಕ್ಷರ ಊರಿಗೆ, ಆಮೇಲೆ ಕೋಣೆಯ ಸಂಖ್ಯೆ, ಮುಂಬಾಗಿಲಿನಿಂದ ಎಷ್ಟನೆಯದು, ಕೊನೆಯ ಅಕ್ಷರ ನಿಜವಾದ ಕೆಲಸದ್ದಾದರೆ ಪಿ, ಪರೀಕ್ಷೆಯದ್ದಾದರೆ ಟಿ. ರಿಪೇರಿಯಾದ ನಿಮ್ಮ ತಾತ ವೈ-ಎಲ್-ಟೂ-ಜೀರೋ-ಫೋರ್-ಪಿ ಆದರು. ನಾನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿದೆ.

ಹುಡುಗರಿಗೆ ಅದು ತಲೆಗೆ ಹತ್ತಲಿಲ್ಲ. ಅವರಲ್ಲೊಬ್ಬರು ಮೆಲ್ಲಗೆ ಬಂದು, “ಅಮ್ಮಾ, ಈ ಫೋರ್-ಪಿ ಹಳೇ ಹೆಸರೇನ್ರೀ?” ಎಂದರು.

“ಹಳೇದು ಹೇಳಬಾರದು ಸಾರ್, ನಿಯಮ” ಎಂದೆ.

ವರ್ಷ ತುಂಬಿದ ದಿನ ದೊಡ್ಡ ಸಾಹೇಬರು ಎಲ್ಲರ ಮುಂದೆ, “ನಿಯಮದ ಪ್ರಕಾರ ಹೆಸರು ಹೇಳೋದು ಇವರೊಬ್ಬರೇ ಕಣ್ರೀ, ನೋಡಿ ಕಲೀರಿ” ಎಂದು ಕಾಯಂ ಆದೇಶವನ್ನು ನನ್ನ ಕೈಗಿಟ್ಟರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.