ಹ್ಯಾಂಡಲ್ ಮೇಲೆ ಬರುವವರೆಗೆ

ಕಾಕನ ಕಿವಿಯ ಮಡಿಕೆಯಲ್ಲಿ ಯಾವಾಗಲೂ ಅತ್ತರು ಅದ್ದಿದ ಹತ್ತಿಯ ಉಂಡೆಯೊಂದು ಇರುತ್ತಿತ್ತು, ಕಡಲೆಕಾಳಿನಷ್ಟು. ಪ್ರೆಸ್ಸಿನ ಕೋಣೆಯ ಬಾಗಿಲಿಗೆ ಬಂದ ಕೂಡಲೇ ಅದನ್ನು ತೆಗೆದು ಹೊರಗಿನ ಕಪಾಟಿನ ಸ್ಟೀಲ್ ಡಬ್ಬಿಯಲ್ಲಿಡುವರು. ಆಮೇಲೆ ವಾಚು, ಜೇಬಿನ ಪೆನ್ನು, ಫೋನು, ತಲೆಯ ಬಿಳಿ ಟೊಪ್ಪಿ. ಮೈಮೇಲಿಂದ ಉದುರಬಹುದಾದದ್ದೆಲ್ಲ ಹೊರಗೆ. "ಕೂದಲು ಮೊದಲೇ ಉದುರಿ ಆಯ್ತು, ಅದರ ಹೆದರಿಕೆ ಇಲ್ಲ" ಎಂದು ಬೋಳುತಲೆ ಸವರಿಕೊಂಡು ಒಳಗೆ ಹೋಗುವರು.

ದುಬೈ ಊರು ದಾಟಿ ಮರುಭೂಮಿಯ ರಸ್ತೆಯಲ್ಲಿದ್ದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಅವರು ಬಂದೂಕಿನ ತೋಟೆ ತುಂಬುವ ಕೆಲಸದಲ್ಲಿದ್ದರು. ನಾನು ಅಲ್ಲಿಯ ಸ್ಟೋರಿನಲ್ಲಿ, ಸಾಮಾನು ತರಿಸುವ ಮೇಜಿನಲ್ಲಿ. ಸ್ಪರ್ಧೆಗೆ ಹೋಗುವ ಸದಸ್ಯರಿಗೆ ಹದವಾದ ತೋಟೆ ಬೇಕು. ಅದನ್ನು ಕ್ಲಬ್ಬಿನಲ್ಲೇ ತುಂಬಲು ಬೇಕಾದ ಅನುಮತಿಯ ಕಡತ ನನ್ನ ವಶದಲ್ಲಿತ್ತು. ಅವರು ಉಳ್ಳಾಲದ ಬ್ಯಾರಿ, ನಾನು ಉಡುಪಿಯವಳು. ಊರೊಳಗೆ ನಾವಿದ್ದ ಕರಾಮ ಬಡಾವಣೆಯಿಂದ ಕ್ಲಬ್ಬಿನ ಬಸ್ಸಿನಲ್ಲಿ ಒಟ್ಟಿಗೆ ಹೋಗಿಬರುತ್ತ, ಅರ್ಧ ತುಳು ಅರ್ಧ ಕನ್ನಡದಲ್ಲಿ ನಮ್ಮ ಪಟ್ಟಾಂಗ. ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಅವರು ನನಗಿಟ್ಟ ಹೆಸರು 'ಪ್ರಶ್ನೆಪತ್ರಿಕೆ'.

ಹೌದು ಮತ್ತೆ, ನನಗೆ ಕೇಳದೆ ಇರಲಿಕ್ಕಾಗುವುದಿಲ್ಲ. ತೋಟೆ ತುಂಬುವ ಆ ಪ್ರೆಸ್ಸನ್ನು ಮೊದಲ ಸಲ ಕಂಡಾಗ ಅದು ಕಬ್ಬಿನ ಹಾಲಿನ ಯಂತ್ರವೋ ಹೊಲಿಗೆ ಯಂತ್ರವೋ ತಿಳಿಯಲಿಲ್ಲ. ನಡುವೆ ತಿರುಗುವ ಒಂದು ತಟ್ಟೆ, ಅದರ ಸುತ್ತ ಹಿತ್ತಾಳೆಯ ಖಾಲಿ ಚಿಪ್ಪುಗಳು, ಪಕ್ಕದಲ್ಲಿ ಉದ್ದದ ಹ್ಯಾಂಡಲ್. ಕಾಕ ವಿವರಿಸಿದ್ದು ಹೀಗೆ:

"ಮದುವೆ ಊಟಕ್ಕೆ ಬಡಿಸುವವರು ಸಾಲಾಗಿ ಬರ್ತಾರಲ್ಲ? ಇಲ್ಲಿ ಬಡಿಸುವವರು ನಿಂತಲ್ಲೇ, ಎಲೆಯೇ ತಿರುಗುದು. ಹ್ಯಾಂಡಲ್ ಒಂದು ಸಲ ಎಳೆದ್ರೆ ಒಬ್ಬ ಅಡಿಗೆ ಕಿಡಿ ಹಾರಿಸುವ ಕೇಪು ಕೂರಿಸ್ತಾನೆ, ಒಬ್ಬ ಮದ್ದು ಹಾಕ್ತಾನೆ, ಒಬ್ಬ ಗುಂಡು ಇಡ್ತಾನೆ. ಪ್ರತಿ ಎಳೆತಕ್ಕೂ ಒಂದು ತೋಟೆ ತಯಾರು."

"ಒಂದೇ ಎಲೆಗೆ ಎರಡು ಸಲ ಪಾಯಸ ಬಿದ್ರೆ?"

"ಮದುವೇಲಿ ಬಿದ್ರೆ ಖುಷಿ. ಇಲ್ಲಿ ಬಿದ್ರೆ ಬಂದೂಕು ಹಿಡಿದವನ ಕೈ ಹೋಗ್ತದೆ ಮಾರಾಯ್ತಿ."

ಇದನ್ನು ನಾನು ಸರಿಯಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಸೇರಿದ ಹೊಸತರಲ್ಲಿ ಎಲ್ಲರಿಗೂ ಸಲಾಂ ಹೇಳುವ ಉಮೇದು ನನಗೆ. ಒಂದು ಬೆಳಿಗ್ಗೆ ಬಾಗಿಲು ತೆರೆದವಳೇ ರಾಗವಾಗಿ "ಅಸ್ಸಲಾಮು ಅಲೈಕುಮ್ ಕಾಕಾ!" ಎಂದೆ. ಅವರ ಹ್ಯಾಂಡಲ್ ಆಗ ಅರ್ಧ ದಾರಿಯಲ್ಲಿತ್ತು. ಸಲಾಮಿಗೆ ಉತ್ತರ ಕೊಡದೆ ಬಿಡುವುದು ಅವರ ಜಾಯಮಾನದಲ್ಲೇ ಇಲ್ಲ. ತಿರುಗಿ ಉತ್ತರ ಕೊಟ್ಟರು, ಕೊಟ್ಟು ಮತ್ತೆ ಯಂತ್ರ ನೋಡಿದರು, ನೋಡಿ ಹಾಗೇ ನಿಂತುಬಿಟ್ಟರು. ಮದ್ದು ಬಿದ್ದಿತ್ತೋ ಇಲ್ಲವೋ, ಅವರಿಗೆ ನೆನಪು ತಪ್ಪಿತ್ತು.

ತಟ್ಟೆಯ ಮೇಲಿದ್ದದ್ದನ್ನು ಮಾತ್ರ ತೆಗೆದಿದ್ದರೆ ಸಾಕಿತ್ತು. ಅವರು ಅವತ್ತು ಬೆಳಿಗ್ಗೆಯಿಂದ ತುಂಬಿದ್ದ ಇಡೀ ಪೆಟ್ಟಿಗೆಗೆ ಕೆಂಪು ಪಟ್ಟಿ ಅಂಟಿಸಿ, ಮರುದಿನವೆಲ್ಲ ಕೂತು ಒಂದೊಂದೇ ತೋಟೆಯನ್ನು ಬಿಚ್ಚಿದರು. ನನಗೋ ನಾಚಿಕೆಯಿಂದ ನೆಲ ನೋಡುವ ಹಾಗಾಯಿತು. ನನ್ನನ್ನು ಬೈಯಲಿಲ್ಲ. "ಸಲಾಂ ಹೇಳು. ಆದ್ರೆ ಹ್ಯಾಂಡಲ್ ಮೇಲೆ ಬರುವವರೆಗೆ ಉತ್ತರಕ್ಕೆ ಕಾಯಿ" ಎಂದರು, ಅಷ್ಟೇ. ಅಂದಿನಿಂದ ಯಾರು ಸಲಾಂ ಹೇಳಿದರೂ, ನಮ್ಮ ಮ್ಯಾನೇಜರೇ ಬಂದರೂ, ಕಾಕ ತಿರುಗದೆ ಎಡಗೈಯ ಒಂದು ಬೆರಳು ಎತ್ತುತ್ತಿದ್ದರು. ಎಳೆತ ಮುಗಿದು ಹ್ಯಾಂಡಲ್ ಮೇಲೆ ಬಂದ ಮೇಲೆ ತಿರುಗಿ, ಕೈಯನ್ನು ಎದೆಗಿಟ್ಟು, "ವ ಅಲೈಕುಮ್ ಸಲಾಂ" ಎಂದು ಪೂರ್ತಿಯಾಗಿ ಹೇಳುವರು. ಎಷ್ಟೇ ಅವಸರವಿದ್ದವರೂ ಬಾಗಿಲಲ್ಲಿ ಕಾಯುವುದನ್ನು ಕಲಿತರು.

ಗುರುವಾರ ಮಧ್ಯಾಹ್ನ ಯಂತ್ರದ ಸ್ನಾನ. ಹಳೆಯ ಟೂತ್‌ಬ್ರಶ್, ಹಳೆಯ ಲುಂಗಿಯ ತುಂಡು, ಎಣ್ಣೆಯ ಪುಟ್ಟ ಬಾಟಲಿ. ತಟ್ಟೆ ಬಿಚ್ಚಿ, ಕೇಪಿನ ಮಸಿ ತೆಗೆದು, ಚೆಲ್ಲಿದ ಮದ್ದಿನ ಹರಳುಗಳನ್ನು ಗುಡಿಸಿ, ಒಂದೊಂದು ಬೋಲ್ಟನ್ನೂ ಬೆರಳಲ್ಲಿ ಮುಟ್ಟಿ ನೋಡುವರು. ಊರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದವರು, ಯಂತ್ರದ ಕಾಯಿಲೆ ಅವರ ಕಿವಿಗೇ ತಿಳಿಯುತ್ತಿತ್ತು. ನಾನೊಮ್ಮೆ ಉಪಕಾರ ಮಾಡಲು ಹೋಗಿ ಎಣ್ಣೆ ಧಾರಾಳ ಬಿಟ್ಟೆ. "ಕಣ್ಣಿಗೆ ಕಾಣುವಷ್ಟು ಎಣ್ಣೆ ಉಂಟು ಅಂದ್ರೆ ಜಾಸ್ತಿ ಆಯ್ತು ಅಂತ. ಈ ದೇಶದಲ್ಲಿ ಎಣ್ಣೆ ಸುರಿಯುದು ಅಂದ್ರೆ ಮರಳನ್ನು ಊಟಕ್ಕೆ ಕರೆದ ಹಾಗೆ" ಎಂದು ಎಲ್ಲವನ್ನೂ ಒರೆಸಿ ಮೊದಲಿಂದ ಶುರುಮಾಡಿದರು.

ನಾನು ಸೇರಿ ನಾಲ್ಕನೆಯ ವರ್ಷವಿರಬೇಕು, ತೋಟೆ ತಯಾರಾಗುವುದು ಇದ್ದಕ್ಕಿದ್ದ ಹಾಗೆ ನಿಧಾನವಾಯಿತು. ಸದಸ್ಯರು ಗೊಣಗಿದರು. ಪ್ರೆಸ್ಸಿಗೆ ವಯಸ್ಸಾಯಿತು ಎಂದು ನಾವೆಲ್ಲ ತೀರ್ಮಾನಿಸಿದೆವು. ಕಾಕ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹೊಸದನ್ನು ಆರಿಸುವ ವರದಿ ಬರೆಯಲು ಮ್ಯಾನೇಜರು ನನಗೆ ಹೇಳಿದರು.

ಏಜೆಂಟ್ ಎರಡು ಪ್ರೆಸ್ ತಂದಿಟ್ಟ. ಒಂದು ನಮ್ಮ ಹಳೆಯದರದೇ ಜಾತಿ. ಮದ್ದು ಸರಿಯಾಗಿ ಬಿತ್ತೋ ಎಂದು ಕೂತವನೇ ಬಗ್ಗಿ ನೋಡಬೇಕು. ಇನ್ನೊಂದರ ತಟ್ಟೆಯಲ್ಲಿ ಚಿಪ್ಪು ನಿಲ್ಲುವ ಮನೆ ಒಂದು ಜಾಸ್ತಿ. ಅಲ್ಲೊಂದು ಕಡ್ಡಿ ಇಳಿದು ಮದ್ದಿನ ಮಟ್ಟ ನೋಡಿ, ಹೆಚ್ಚುಕಮ್ಮಿಯಾದರೆ ಬೀಪ್ ಎಂದು ಕೂಗುತ್ತದೆ. ತಾಸಿಗೆ ಇಷ್ಟು, ನಿಮಿಷಕ್ಕೆ ಇಷ್ಟು ಎಂದು ಏಜೆಂಟ್ ಒದರುತ್ತಲೇ ಇದ್ದ. ಕಾಕ ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಓಡುವಾಗ. ನಿಂತರೆ ಮತ್ತೆ ಓಡಲು ಎಷ್ಟು ಹೊತ್ತು ಬೇಕು?" ಆಮೇಲೆ ಎರಡನ್ನೂ ಬಿಚ್ಚಿಸಿದರು. ಕೇಪು ಸಿಕ್ಕಿಕೊಂಡರೆ ಬೆರಳು ಹೋಗುತ್ತದೋ, ಮಸಿ ಎಲ್ಲಿ ಬೀಳುತ್ತದೆ, ಸವೆಯುವ ಭಾಗ ಇದೇ ಊರಿನಲ್ಲಿ ಸಿಗುತ್ತದೋ, ಎಲ್ಲ ನೋಡಿದರು. ಕೊನೆಗೆ ಕರಾಮದ ಅಂಗಡಿಯಿಂದ ತಂದಿದ್ದ ರವೆಯ ಪೊಟ್ಟಣ ಹೊರತೆಗೆದರು. ಏಜೆಂಟ್ ನಕ್ಕ. ಮದ್ದಿನ ಬದಲು ರವೆ ತುಂಬಿ, ಬೇಕೆಂದೇ ಒಂದು ಚಿಪ್ಪು ಖಾಲಿ ಬಿಟ್ಟು, ಒಂದಕ್ಕೆ ದುಪ್ಪಟ್ಟು ಹಾಕಿ, ಕೂಗುವ ಪ್ರೆಸ್ಸನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಅದು ಒಂದು ಸಲವೂ ತಪ್ಪಲಿಲ್ಲ. ಕಾಕನ ಮುಖ ಸಪ್ಪಗಾಯಿತು.

ಅದರ ತಪ್ಪು ಹಿಡಿಯಲು ನೋಡುತ್ತಿದ್ದಾರೆ ಎಂದುಕೊಂಡೆ ನಾನು. ಯಾಕೆಂದರೆ ಆ ಪ್ರೆಸ್ ಬಂದರೆ ಮೂರು ವಾರ ಕಲಿತ ಯಾರಾದರೂ ಕೂರಬಹುದು. ಕಾಕನಿಗೆ ಅರವತ್ತು ತುಂಬುತ್ತಿತ್ತು, ವೀಸಾ ನವೀಕರಣ ಎದುರಿಗಿತ್ತು, ಕಿರಿಯ ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಎರಡು ವರ್ಷ ಬಾಕಿ. ಅವರನ್ನು ಉಳಿಸಲೇಬೇಕೆಂದು ಹಟ ಹಿಡಿದು, ಇಲ್ಲಿಯ ಸೆಕೆಗೂ ಧೂಳಿಗೂ ಕೂಗುವ ಸಾಧನ ಬಾಳಿಕೆ ಬರುವುದಿಲ್ಲ ಎಂದು ವರದಿ ಬರೆದೆ. ಅದು ನನಗೆ ಗೊತ್ತಿದ್ದ ಸಂಗತಿಯಲ್ಲ, ನಾನೇ ಹುಟ್ಟಿಸಿದ್ದು. ದೊಡ್ಡ ಉಪಕಾರ ಮಾಡಿದವಳ ಹಾಗೆ ಅವರಿಗೆ ಓದಿ ಹೇಳಿದೆ.

ಅವರು ನನ್ನನ್ನು ಪ್ರೆಸ್ಸಿನ ಕೋಣೆಗೆ ಕರೆದುಕೊಂಡು ಹೋಗಿ, ದೀಪದ ಕೆಳಗೆ ಎರಡು ಚಿಪ್ಪು ಇಟ್ಟರು.

"ಯಾವುದರಲ್ಲಿ ಮದ್ದು ಜಾಸ್ತಿ ಉಂಟು ಹೇಳು."

"ಎಡದ್ರಲ್ಲಿ. ಬಲದ್ರಲ್ಲಿ ತಳದಲ್ಲಿ ಚೂರೇ ಚೂರು. ಯಾಕೆ ಕಾಕ?"

"ನಂಗೆ ಎರಡರಲ್ಲೂ ಒಂದೇ ಕತ್ತಲೆ ಕಾಣ್ತದೆ."

ದುಬೈಯ ಅಲ್ ಮುರಕ್ಕಬಾತ್ ಬಡಾವಣೆಯ ಕಣ್ಣಿನ ಡಾಕ್ಟರು ನೋಡಿ, ಇದು ಪೊರೆಯಲ್ಲ, ಕಣ್ಣಿನ ಹಿಂದಿನ ತೊಂದರೆ, ಹೋದದ್ದು ವಾಪಸು ಬರುವುದಿಲ್ಲ ಎಂದಿದ್ದರಂತೆ. ಎರಡು ತಿಂಗಳಿಂದ ಅವರು ಒಂದೊಂದು ತೋಟೆಯ ಮದ್ದನ್ನೂ ತಕ್ಕಡಿಯಲ್ಲಿಟ್ಟು, ದೊಡ್ಡ ಅಂಕಿ ನೋಡಿ ತುಂಬುತ್ತಿದ್ದರು. ನಿಧಾನವಾದದ್ದು ಯಂತ್ರವಲ್ಲ.

"ಹಾಗೇ ತೂಗಿ ನಡೆಸುವಾ ಕಾಕ, ಎರಡು ವರ್ಷ. ನಾನು ಯಾರ ಹತ್ರವೂ ಬಾಯಿ ಬಿಡುದಿಲ್ಲ. ಮಗಳ ಓದು ಮುಗಿಯಲಿ."

ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಒಂದು ದಿನ ನಾನು ತೂಗಲಿಕ್ಕೆ ಮರೆತೆ ಅಂತ ಇಟ್ಕೋ. ಯಾರ ಕೈ ಹೋಗ್ತದೆ? ನಿನ್ನದಾ, ನನ್ನದಾ? ಎಂತದೂ ಗೊತ್ತಿಲ್ಲದೆ ಬಂದೂಕು ಎತ್ತುವವನದ್ದು!" ಆಮೇಲೆ ಸ್ವರ ಇಳಿಸಿ, "ಆ ಪ್ರೆಸ್ ಒಂದ್ಸಲ ಆದ್ರೂ ತಪ್ಪಲಿ ಅಂತ ನಂಗೂ ಆಸೆ ಇತ್ತು ಮಗಳೇ. ತಪ್ಪಲಿಲ್ಲ. ಖಲಾಸ್. ಅದನ್ನೇ ಬರೆ" ಎಂದರು.

ವರದಿ ಹರಿದು ಹೊಸದಾಗಿ ಬರೆದೆ. ಬರೆಯುವಾಗ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಹೊಸ ಪ್ರೆಸ್ಸಿನ ಮುಂದೆ ಯಾರು ಕೂರುತ್ತಾರೆ ಎಂದು ಮ್ಯಾನೇಜರು ಕೇಳಿದಾಗ, "ಆ ಪ್ರಶ್ನೆಪತ್ರಿಕೆಯನ್ನೇ ಕೂರಿಸಿ, ಸಂಶಯ ಜಾಸ್ತಿ ಇರುವವರು ಈ ಕೆಲಸಕ್ಕೆ ಒಳ್ಳೇದು" ಎಂದು ಕಾಕನೇ ಹೇಳಿದರಂತೆ. ಮೂರು ವಾರ ಪಕ್ಕದಲ್ಲಿ ಕೂತು, ಕಣ್ಣಿಂದಲ್ಲ, ಕಿವಿಯಿಂದ ನನ್ನ ತಪ್ಪು ಹಿಡಿದರು. "ಈಗ ಎಳೆದದ್ದು ಅರ್ಧವೇ ಎಳೆದೆ ನೀನು" ಎನ್ನುವರು. ಪ್ರತಿ ಸಲವೂ ಅವರ ಮಾತೇ ಸರಿ.

ಕಾಕ ಊರಿಗೆ ಹೋಗಿ ಮೂರು ವರ್ಷ ಇದ್ದರು. ಮಗಳ ಓದು ನಿಲ್ಲಲಿಲ್ಲ, ಅವಳ ಅಣ್ಣಂದಿರು ಕೈಹಿಡಿದರಂತೆ. ಕಾಕ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದು ಅವಳೇ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು. ಅವತ್ತು ನನಗೆ ಕಣ್ಣಿಗೆ ಕಟ್ಟಿದ್ದು ಅವರು ಹೊರಟ ದಿನ.

ಆ ಬೆಳಿಗ್ಗೆ ನಾನು ಪ್ರೆಸ್ಸಿನ ಮುಂದಿದ್ದೆ. ಮೊದಲು ಅತ್ತರಿನ ಪರಿಮಳ ಬಂತು. ಹಿಂದೆಯೇ ಬಾಗಿಲಿನಿಂದ ಸ್ವರ: "ಅಸ್ಸಲಾಮು ಅಲೈಕುಮ್."

ಹ್ಯಾಂಡಲ್ ಅರ್ಧ ದಾರಿಯಲ್ಲಿತ್ತು. ನಾನು ತಿರುಗಲಿಲ್ಲ, ಎಡಗೈಯ ಬೆರಳು ಎತ್ತಿದೆ. ಅವರು ಕಾದರು. ಎಳೆತ ಮುಗಿಸಿ, ಹ್ಯಾಂಡಲನ್ನು ಮೇಲೆ ಬಿಟ್ಟು, ಎದ್ದು ತಿರುಗಿ, "ವ ಅಲೈಕುಮ್ ಸಲಾಂ ಕಾಕ" ಎಂದೆ.

ಬಿಳಿ ಟೊಪ್ಪಿ, ಕಿವಿಯಲ್ಲಿ ಹೊಸ ಹತ್ತಿ. ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

"ಆಯ್ತು. ಇನ್ನು ನಾನು ಹೋಗ್ಬಹುದು" ಎಂದರು.