ಗಂಗವ್ವನ ಖಾಲಿ ಮನೆಯ ಫೋಟೊ

1986ರಲ್ಲಿ ನಾನು ಕುಂದಗೋಳದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೆ. ಸ್ಟುಡಿಯೊ ಎಂದರೆ ದೊಡ್ಡದೇನಲ್ಲ. ಬಸ್ ಸ್ಟ್ಯಾಂಡಿನ ಬಾಜು ಒಂದು ಖೋಲಿ, ಹಿಂದೆ ಕಪ್ಪು ಪರದೆ ಹಾಕಿದ ಡಾರ್ಕ್‌ರೂಮು, ಗೋಡೆಯ ಮೇಲೆ ಪೇಂಟರ್ ಬರೆದುಕೊಟ್ಟ ಒಂದು ಹೂದೋಟ. ಸುತ್ತಲಿನ ಹಳ್ಳಿಗಳಲ್ಲಿ ಕ್ಯಾಮೆರಾ ಮನೆಗೆ ಬರುತ್ತಿದ್ದುದು ಎರಡೇ ಕಾರಣಕ್ಕೆ, ಮದುವೆಗೆ ಅಥವಾ ಸಾವಿಗೆ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ ತೀರಿಹೋದವರ ಆಚೀಚೆ ಮನೆಮಂದಿಯನ್ನು ನಿಲ್ಲಿಸಿ ಎಷ್ಟು ಫೋಟೊ ತೆಗೆದಿದ್ದೇನೋ ಲೆಕ್ಕವಿಲ್ಲ. ಆದರೆ ಬರೀ ಮನೆಯ ಫೋಟೊ ತೆಗೆಯಿರಿ ಎಂದು ಬಂದವಳು ನನ್ನ ಇಡೀ ವೃತ್ತಿಯಲ್ಲಿ ಒಬ್ಬಳೇ. ಅವಳ ಹೆಸರು ಗಂಗವ್ವ.

ಗಂಗವ್ವನದು ಸಂಶಿಯ ಹತ್ತಿರದ ಒಂದು ಹಳ್ಳಿ. ಗಂಡ ಹೊಟ್ಟೆಬೇನೆಯಿಂದ ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಪಾರವ್ವ. ಆ ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಮಾತೂ ಬಂದಿರಲಿಲ್ಲ. ಧಾರವಾಡದಲ್ಲಿ ಅಂಥ ಮಕ್ಕಳಿಗೆ ಕೈಸನ್ನೆ, ಓದು, ಬರಹ ಕಲಿಸುವ ಶಾಲೆ ಇದೆಯೆಂದು ಗಂಗವ್ವನಿಗೆ ಗೊತ್ತಾಗಿತ್ತು. ಜೂನ್‌ನಲ್ಲಿ ಸೇರಿಸಬೇಕು, ಆ ವರ್ಷ ತಪ್ಪಿದರೆ ಹುಡುಗಿಯ ವಯಸ್ಸು ಮೀರುತ್ತದೆ. ಹೆಣ್ಣುಮಕ್ಕಳಿಗೆ ಅಲ್ಲಿ ಉಳಿಯುವ ವ್ಯವಸ್ಥೆ ಇರಲಿಲ್ಲ. ತಾಯಿಯೇ ಅಲ್ಲಿಗೆ ಹೋಗಿ ಮನೆ ಮಾಡಬೇಕು, ಅದಕ್ಕೆ ಈ ಮನೆ ಮಾರಬೇಕು.

ಮಾರುವುದು ಸುಲಭವಿರಲಿಲ್ಲ. ಪಕ್ಕದ ಮನೆ ಅವಳ ಮೈದುನ ಫಕೀರಪ್ಪನದು. ನಡುವಿನ ಗೋಡೆ ಒಡೆದು ಎರಡೂ ಮನೆ ಒಂದು ಮಾಡಿಕೊಳ್ಳಬೇಕೆಂಬ ಆಸೆ ಅವನಿಗೆ, ಕೊಡಲು ಒಪ್ಪಿದ್ದು ಮಾತ್ರ ಪುಡಿಗಾಸು. ಕೊಳ್ಳಲು ಬಂದವರಿಗೆ ಅವನು ಬೈಯಲಿಲ್ಲ, ಹೊಡೆಯಲಿಲ್ಲ. ನಾಳೆ ಬಾಜು ಇರಬೇಕಾದವನು ನಾನು, ವಿಚಾರ ಮಾಡಿರಿ ಎಂದು ನಗುನಗುತ್ತಲೇ ಹೇಳಿ ಕಳಿಸಿದ. ಊರಿನವರಿಗೆ ಅಷ್ಟು ಸಾಕಾಯಿತು. ಕೊನೆಗೆ ಹೊರಗಿನವರೊಬ್ಬರು ಸಿಕ್ಕರು. ಮಹಾದೇವಪ್ಪ ಎಂದು, ಸೊಲ್ಲಾಪುರದಲ್ಲಿ ನೌಕರಿ ಮಾಡಿ ನಿವೃತ್ತಿಯ ಹೊತ್ತಿಗೆ ಈ ಕಡೆ ಬಂದು ನೆಲೆಸಬೇಕೆಂದಿದ್ದವರು. ಫಕೀರಪ್ಪನ ನಗೆಗೆ ಅವರು ಅಂಜಲಿಲ್ಲ. ಮನೆ ನೋಡಿ ಮೆಚ್ಚಿದರು ಕೂಡ. ಆದರೆ ಕೊನೆಯ ಮಾತು ಅವರ ತಾಯಿಯದು. ಆಕೆ ಕಾಲು ಮುರಿದುಕೊಂಡು ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಎರೆಭೂಮಿಯ ಮನೆಗಳು ಬೇಸಿಗೆಗೆ ಬಿರುಕು ಬಿಡುತ್ತವೆ, ಗೋಡೆ ನೋಡದೆ ಒಪ್ಪಲಾರೆ, ಸಾಮಾನು ಅಡ್ಡ ಬಾರದಂತೆ ಫೋಟೊ ತೆಗೆಸಿಕೊಂಡು ಬಾ ಎಂದು ಹೇಳಿದ್ದರಂತೆ.

ಏಪ್ರಿಲ್‌ನ ಒಂದು ಬೆಳಗ್ಗೆ ನಾನು ಟ್ರೈಪಾಡ್ ಹೊತ್ತು ಅವಳ ಮನೆಗೆ ಹೋದೆ. ಓಣಿಯಲ್ಲಿ ಎದುರಾದವರೆಲ್ಲ ನನ್ನ ಹೆಗಲ ಮೇಲಿನ ಕ್ಯಾಮೆರಾ ನೋಡಿ, ಯಾರಿಗೆ ಏನಾಯಿತು ಎಂದು ಕೇಳುವವರೇ. ಗಂಗವ್ವ ಅಷ್ಟರಲ್ಲೇ ಮನೆಯನ್ನು ತೊಳೆದಿಟ್ಟ ಹಾಗೆ ಖಾಲಿ ಮಾಡಿದ್ದಳು. ಕಾಳಿನ ಚೀಲ, ಹಾಸಿಗೆ, ಬೀಸುಕಲ್ಲು, ಕೊಡ ಎಲ್ಲವೂ ಹಿತ್ತಲಿಗೆ ಹೋಗಿದ್ದವು. ಗೋಡೆಗೆ ಸುಣ್ಣ, ಹೊಸ್ತಿಲಿಗೂ ಸುಣ್ಣ. ಹೊಸ್ತಿಲು ಇನ್ನೂ ಹಸಿಯಿದ್ದುದರಿಂದ ಅವತ್ತು ರಂಗೋಲಿ ಬಿದ್ದಿರಲಿಲ್ಲ. ಬಾಗಿಲ ತೋರಣ ಒಣಗಿ ಮುದುಡಿತ್ತೆಂದು ಅದನ್ನೂ ಕಿತ್ತಿದ್ದಳು. ಗೋಡೆಗಳಂತೂ ಗಟ್ಟಿಯಾಗಿದ್ದವು, ಒಂದೇ ಒಂದು ಬಿರುಕಿರಲಿಲ್ಲ.

ಮನೆಯೊಳಗಿನ ಫೋಟೊ ತೆಗೆಯುವುದು ಮದುವೆಯ ಫೋಟೊದಂತಲ್ಲ. ಫ್ಲ್ಯಾಶ್ ಹೊಡೆದರೆ ಹತ್ತಿರದ ಗೋಡೆ ಬೆಳ್ಳಗಾಗಿ, ಹಿಂದಿನದು ಗವಿಯಂತೆ ಕಾಣುತ್ತದೆ. ಅದಕ್ಕೇ ಬಾಗಿಲುಗಳನ್ನೆಲ್ಲ ತೆರೆಸಿ, ಬೆಳಕಿಂಡಿಯಿಂದ ಬೀಳುವ ಬಿಸಿಲಿಗೆ ಬಿಳಿ ಧೋತರ ಹಿಡಿಸಿ ಬೆಳಕನ್ನು ಮೂಲೆಗೆ ತಿರುಗಿಸಿದೆ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಸಣ್ಣದು ಮಾಡಿ ಹೆಚ್ಚು ಹೊತ್ತು ಬೆಳಕು ಬಿಟ್ಟೆ. ಗೋಡೆ, ತೊಲೆ, ಕಂಬ ಒಂದೂ ಓರೆಯಾಗದಂತೆ ಕ್ಯಾಮೆರಾವನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿದೆ. ಪಾರವ್ವ ನನ್ನ ಬೆನ್ನು ಬಿಡಲಿಲ್ಲ. ಶಟರ್‌ನ ಸಪ್ಪಳ ಅವಳಿಗೆಲ್ಲಿ ಕೇಳಬೇಕು. ಅವಳು ಕ್ಯಾಮೆರಾದ ಮಗ್ಗುಲಿಗೆ ಅಂಗೈ ಇಟ್ಟು ಕಾಯುತ್ತಿದ್ದಳು. ಒಳಗೆ ಅದು ಕಟ್ ಎಂದಾಗ ಕೈಗೆ ತಾಗುತ್ತಿತ್ತು, ಮುಖ ಅರಳುತ್ತಿತ್ತು.

ಪ್ರಿಂಟ್‌ಗಳು ಬಂದಾಗ ನನಗೇ ಹೆಮ್ಮೆಯಾಯಿತು. ಅಂಥ ಚೊಕ್ಕ ಕೆಲಸ ನಾನು ಮೊದಲು ಮಾಡಿರಲಿಲ್ಲ. ಅವನ್ನು ಯಾರ ಕೈಯಲ್ಲೂ ಕೊಡದೆ ನಾನೇ ಹುಬ್ಬಳ್ಳಿಗೆ ಒಯ್ದೆ.

ಮಹಾದೇವಪ್ಪನವರ ತಾಯಿ ಗೋಡೆಗೆ ಒರಗಿ ಕುಳಿತು, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗೋಡೆಗಳು ಚೆನ್ನಾಗಿವೆ ಎಂದರು. ಆಮೇಲೆ ಎಲ್ಲವನ್ನೂ ಒಟ್ಟುಮಾಡಿ ಮಗನ ಕೈಗಿಟ್ಟರು.

"ಇದು ಬಿಟ್ಟ ಮನಿ ಐತಿ, ಮಾದೇವ."

ನಮ್ಮ ಕಡೆ ಯಾರಾದರೂ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡರೆ ಮನೆಮಂದಿಯೆಲ್ಲ ಸಾಮಾನು ಸಮೇತ ಹೊರಬಿದ್ದು, ಕೆಲವು ತಿಂಗಳು ಆ ಮನೆ ಬಿಟ್ಟಿರುತ್ತಾರೆ. ಬಾಗಿಲಿಗೆ ಜಾಲಿಯ ಮುಳ್ಳು ಬಡಿಯುತ್ತಾರೆ. ಗಡುವು ಮುಗಿದ ಮೇಲೆ ಸುಣ್ಣ ಬಳಿದು, ಶಾಂತಿ ಮಾಡಿಸಿ ಒಳಗೆ ಹೋಗುತ್ತಾರೆ. ನನ್ನ ಫೋಟೊದಲ್ಲಿ ಆ ಮುದುಕಿಗೆ ಕಂಡದ್ದು ಸುಣ್ಣ ಬಳಿದು ಇನ್ನೂ ಯಾರೂ ಒಳಗೆ ಹೋಗದ ಅಂಥ ಮನೆ. ಗಂಗವ್ವನ ಗಂಡ ತೀರಿಕೊಂಡದ್ದು ದವಾಖಾನೆಯಲ್ಲಿ, ಆ ಮನೆಯನ್ನು ಯಾರೂ ಒಂದು ದಿನವೂ ಬಿಟ್ಟಿಲ್ಲ ಎಂದು ನಾನು ಆಣೆ ಮಾಡಿ ಹೇಳಿದೆ. ಮಹಾದೇವಪ್ಪನವರೂ, ನಾನೇ ಕಣ್ಣಾರೆ ನೋಡಿ ಬಂದಿದ್ದೇನೆ, ಒಲೆ ಉರಿಯುತ್ತಿತ್ತು ಎಂದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಸಾಮಾನು ತೆಗೆಸಿದವರು ನೀವೇ ಅಲ್ಲವೇ ಎಂದೂ ಕೇಳಿಬಿಟ್ಟೆ.

"ಸಾಮಾನು ಬ್ಯಾಡ ಅಂದಿದ್ದೆ. ಬದುಕು ಬ್ಯಾಡ ಅಂದಿರಲಿಲ್ಲ," ಎಂದರು ಆಕೆ. "ಹೊಸ್ತಿಲಕ್ಕ ರಂಗೋಲಿ ಇಲ್ಲ, ಬಾಗಲಕ್ಕ ತ್ವಾರಣ ಇಲ್ಲ. ಬಾಗಲಾ ಹಾರ ಹೊಡದು ತೆರದೈತಿ, ಒಳಗ ಒಬ್ಬರೂ ಇಲ್ಲ. ನೀವಿಬ್ಬರೂ ಏನರ ಹೇಳ್ರಿ, ಫೋಟೊ ಹೇಳಾಕತ್ತೈತಿ."

ಮಗ ಬೇಡಿಕೊಂಡ ಮೇಲೆ, ಮಂದಿ ಇರುವ ಮನೆಯ ಫೋಟೊ ತಂದರೆ ಇನ್ನೊಮ್ಮೆ ನೋಡುತ್ತೇನೆ ಎಂದರು.

ನಾನು ಮತ್ತೆ ಹೋದೆ. ಗಂಗವ್ವ ಈ ಸಲ ತೋರಣ ಕಟ್ಟಿದ್ದಳು, ದೀಪ ಹಚ್ಚಿದ್ದಳು. ಪಾರವ್ವನ ಕೈಯಿಂದ ಅಂಗಳ ತುಂಬ ರಂಗೋಲಿ ಹಾಕಿಸಿದ್ದಳು. ಬೇಕಾದದ್ದು ಜನ. ಅವಳು ಓಣಿಯಲ್ಲಿ ಮನೆಮನೆಗೆ ಹೋಗಿ, ಒಂದು ಗಳಿಗೆ ಕಟ್ಟೆಯ ಮೇಲೆ ಬಂದು ಕೂರಿರಿ ಎಂದು ಕರೆದಳು. ಒಬ್ಬರಿಗೆ ಹೊಲದ ಕೆಲಸ, ಇನ್ನೊಬ್ಬರಿಗೆ ಮೈ ನೆಟ್ಟಗಿಲ್ಲ. ಫಕೀರಪ್ಪ ತನ್ನ ಕಟ್ಟೆಯ ಮೇಲೆ ಎಲೆಅಡಿಕೆ ಹಾಕುತ್ತ, ಹೋಗಿ ಬರುವವರನ್ನು ನೋಡಿ ನಗುತ್ತ ಕೂತಿದ್ದ. ಮದುವೆಯಲ್ಲಿ ಫೋಟೊಗೆ ನುಗ್ಗಿ ನನ್ನ ಟ್ರೈಪಾಡ್ ಕೆಡವುತ್ತಿದ್ದ ಇದೇ ಊರಿನ ಜನ ಅವತ್ತು ಒಬ್ಬರೂ ಬರಲಿಲ್ಲ. ಮನುಷ್ಯರ ಬಗ್ಗೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಹೋಗಲಿ, ತಾಯಿ ಮಗಳು ಇಬ್ಬರೇ ಬಾಗಿಲಲ್ಲಿ ನಿಲ್ಲಿರಿ ಎಂದೆ. ಗಂಗವ್ವ ನಿಂತಳು. ನಾನು ಫೋಕಸ್ ಮಾಡುತ್ತಿರುವಾಗ ಸೆರಗು ಸರಿಮಾಡಿಕೊಂಡಳು, ಖಾಲಿ ಹಣೆಯನ್ನು ಒಮ್ಮೆ ಮುಟ್ಟಿಕೊಂಡಳು. ಆಮೇಲೆ ಮೆಟ್ಟಿಲಿಳಿದು ನನ್ನ ಹಿಂದೆ ಬಂದುಬಿಟ್ಟಳು.

"ಬಾಗಲದಾಗ ನನ್ನಂಥಾಕಿ ನಿಂತ್ರ ಯಾರು ತಗೋತಾರ್ರಿ ಮನಿ? ಪಾರಿ ಒಬ್ಬಾಕಿನ ನಿಲ್ಲಲಿ."

ನಾನು ಬೇಡವೆಂದೆ, ಅವಳು ಕೇಳಲಿಲ್ಲ. ಶಟರ್ ಒತ್ತಿದೆ.

ಹುಬ್ಬಳ್ಳಿಯಲ್ಲಿ ಮಹಾದೇವಪ್ಪನವರ ತಾಯಿ ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ಕೆಟ್ಟ ಹೆಂಗಸಲ್ಲ ಆಕೆ; ಕಣ್ಣಲ್ಲಿ ನೀರಿತ್ತು.

"ಕೂಸಿನ್ನ ಒಂದನ್ನ ಬಿಟ್ಟು ಎಲ್ಲಾರೂ ಎದ್ದು ಹ್ವಾದ್ರೇನ?" ಎಂದರು. ಆ ವ್ಯವಹಾರ ಅಲ್ಲಿಗೇ ಮುಗಿಯಿತು.

ಜೂನ್ ಬಂತು, ಹೋಯಿತು. ಮುಂದಿನ ವರ್ಷ ಮನೆ ಅದೇ ಪುಡಿಗಾಸಿಗೆ ಫಕೀರಪ್ಪನದಾಯಿತು. ಗಂಗವ್ವ ಮಗಳನ್ನು ಕರೆದುಕೊಂಡು ಮೊರಬದ ತನ್ನ ತವರಿಗೆ ಹೋದಳು. ಫಕೀರಪ್ಪ ಗೋಡೆ ಒಡೆದು ಪೂಜೆ ಇಟ್ಟುಕೊಂಡ ದಿನ ಫೋಟೊಗೆ ನನ್ನನ್ನೇ ಕರೆದ. ಹೊಟ್ಟೆಪಾಡು, ಹೋದೆ. ಇಡೀ ಓಣಿ ಅದೇ ಬಾಗಿಲಲ್ಲಿ ನೂಕಾಡಿ ನಿಂತಿತು. ಚೌಕಟ್ಟು ಓರೆ, ಅರ್ಧ ಮುಖಗಳು ನೆರಳಿನಲ್ಲಿ, ಗೋಡೆ ಕಾಣಲೇ ಇಲ್ಲ. ನೋಡಿದವರೆಲ್ಲ ಮನೆ ಎಷ್ಟು ಚಂದ ಬಂದಿದೆ ಎಂದರು. ಬೆಳಕು, ಲೆನ್ಸು, ಕಾಗದ ಎಲ್ಲವನ್ನೂ ಕಲಿತ ನನಗೆ ಕೆಲಸ ಕಲಿಸಿದ ದೊಡ್ಡ ಪಾಠ ಅದು: ಜನ ಫೋಟೊದಲ್ಲಿ ಇರುವುದನ್ನು ಆಮೇಲೆ ನೋಡುತ್ತಾರೆ, ಇಲ್ಲದ್ದನ್ನು ಮೊದಲು ಹುಡುಕುತ್ತಾರೆ.

1989ರಲ್ಲಿ ಒಂದು ಮದುವೆಗೆ ಮೊರಬಕ್ಕೆ ಹೋಗಿದ್ದೆ. ಹೊಲದಿಂದ ಬರುತ್ತಿದ್ದ ಕೂಲಿ ಹೆಂಗಸರ ಗುಂಪಿನಿಂದ ಎತ್ತರದ ಒಬ್ಬ ಹುಡುಗಿ ನೆಟ್ಟಗೆ ನನ್ನ ಹತ್ತಿರ ಬಂದು ಕ್ಯಾಮೆರಾದ ಮಗ್ಗುಲಿಗೆ ಅಂಗೈ ಇಟ್ಟಳು. ಫಿಲ್ಮ್ ಮುಗಿದಿತ್ತು, ಆದರೂ ಒತ್ತಿದೆ. ಕೈಗೆ ತಾಗಿದಾಗ ಮೊದಲಿನಂತೆಯೇ ಮುಖ ಅರಳಿತು. ಆಮೇಲೆ ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಬಾಗಿಲು ಬರೆದು, ಬೆರಳು ನೆಲಕ್ಕೆ ತಂದು ರಂಗೋಲಿಯ ಚುಕ್ಕೆ ಇಟ್ಟು, ಅಂಗೈ ತಿರುವಿ ನನ್ನನ್ನೇ ನೋಡುತ್ತ ನಿಂತಳು. ಆ ಮನೆ ಏನಾಯಿತೆಂದು ಕೇಳುತ್ತಿದ್ದಳು. ಅದನ್ನು ಹೇಳುವ ಸನ್ನೆ ನನಗೆ ಗೊತ್ತಿರಲಿಲ್ಲ. ಹೇಳಿದ್ದರೂ ತಿಳಿಯುವಂತೆ ಅವಳಿಗೆ ಯಾರೂ ಕಲಿಸಿರಲಿಲ್ಲ.